ಕಾರ್ನೆಲ್ ಪೆಟ್ಟಿಗೆಗೆ ಕಟ್ಟು ಬೇಡವೆ?

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಕಳೆದ ಭಾನುವಾರದ ಪುರವಣಿಯಲ್ಲಿ ಮರದ ಪೆಟ್ಟಿಗೆಗಳೊಳಗೆ ಚಿತ್ರ, ಸಾಮಾನು ಜೋಡಿಸಿ ಕೃತಿ ಮಾಡುತ್ತಿದ್ದ ಅಮೆರಿಕದ ಕಲಾವಿದ ಜೋಸೆಫ್ ಕಾರ್ನೆಲ್ ಅವರ ಬಗ್ಗೆ ಅರ್ಧ ಪುಟದ ಲೇಖನ ಹಾಕಿದ್ದೀರಿ. ಕನ್ನಡ ಪತ್ರಿಕೆಯಲ್ಲಿ ಆ ಹೆಸರು ಕಂಡು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಲೇಖನದ ನಡುವೆ ಅಚ್ಚಾಗಿರುವ ಚಿತ್ರದ ಬಗ್ಗೆ ನನಗೊಂದು ತಕರಾರಿದೆ. ನಾನು ಕಲಾವಿಮರ್ಶಕನಲ್ಲ. ಮೈಸೂರಿನ ಶಿವರಾಂಪೇಟೆಯಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ನಮ್ಮದು, ತಂದೆಯವರ ಕಾಲದಿಂದಲೂ ಇದೇ ಕಸುಬು. ದೇವರ ಪಟ, ಮದುವೆ ಫೋಟೊ, ಪದವಿ ಪ್ರಮಾಣಪತ್ರ, ತೀರಿಕೊಂಡವರ ಭಾವಚಿತ್ರ, ಮೈಸೂರು ಶೈಲಿಯ ಚಿನ್ನದ ರೇಕಿನ ಚಿತ್ರ ಎಲ್ಲವೂ ನಮ್ಮ ಮೇಜಿನ ಮೇಲೆ ಬಂದು ಹೋಗುತ್ತವೆ. ಹಾಗಾಗಿ ಯಾವ ಚಿತ್ರ ನೋಡಿದರೂ ನನ್ನ ಕಣ್ಣು ಮೊದಲು ಅಂಚಿಗೆ ಹೋಗುತ್ತದೆ. ನೀವು ಅಚ್ಚು ಹಾಕಿದ ಚಿತ್ರಕ್ಕೆ ಅಂಚೇ ಇಲ್ಲ.

ಅದು 1943ರ ಕೃತಿ, ‘ಹ್ಯಾಬಿಟಾಟ್ ಗ್ರೂಪ್ ಫಾರ್ ಎ ಶೂಟಿಂಗ್ ಗ್ಯಾಲರಿ’. ಅಯೋವ ರಾಜ್ಯದ ಡಿ ಮೊಯಿನ್ ನಗರದ ಕಲಾಕೇಂದ್ರದಲ್ಲಿದೆ. ಬಿಳಿ ಗೋಡೆಯ ಮುಂದೆ ಕಾಗದದಿಂದ ಕತ್ತರಿಸಿ ನಿಲ್ಲಿಸಿದ ಬಣ್ಣದ ಗಿಳಿಗಳು, ಅವುಗಳ ಬಳಿ ಅಂಕಿ ಇರುವ ದುಂಡು ಚೀಟಿಗಳು, ಅಲ್ಲಲ್ಲಿ ಚೆಲ್ಲಿದ ಕೆಂಪು, ಹಳದಿ, ನೀಲಿ, ತಳದಲ್ಲಿ ಉದುರಿ ಬಿದ್ದ ಗರಿ. ಎಲ್ಲಕ್ಕೂ ಮುಂದೆ ಒಂದು ಗಾಜು, ಆ ಗಾಜಿನ ನಡುವೆ ಗುಂಡು ತೂರಿದಂತೆ ತೂತು, ತೂತಿನಿಂದ ನಾಲ್ಕೂ ದಿಕ್ಕಿಗೆ ಹರಿದ ಬಿರುಕು. ಇದು ಮರದ ಪೆಟ್ಟಿಗೆ, ಆಳ ನಾಲ್ಕು ಇಂಚಿಗೂ ಮಿಗಿಲು. ನಿಮ್ಮ ಪುಟವಿನ್ಯಾಸದವರು ಅದನ್ನು ಎರಡು ಅಂಕಣಕ್ಕೆ ಕೂರಿಸಲು ನಾಲ್ಕೂ ಕಡೆಯ ಮರವನ್ನು ಕತ್ತರಿಸಿ ಬಿಸಾಕಿದ್ದಾರೆ. ಉಳಿದದ್ದು ಚಪ್ಪಟೆಯಾದ ಹಕ್ಕಿಚಿತ್ರ, ಅದರ ಮೇಲೆ ಒಂದಿಷ್ಟು ಗೀರು. ಗಣೇಶನ ಪಟ ತೆಗೆದುಕೊಂಡು ಹೋಗಲು ಬಂದಿದ್ದ ಕಾಲೇಜು ಹುಡುಗ ಪುಟ ನೋಡಿ, ‘ಅಂಕಲ್, ಪ್ರಿಂಟು ಕೆಟ್ಟೋಗಿದೆ’ ಅಂದ. ಅವನದೇನು ತಪ್ಪು? ಮರ ಕಂಡಿದ್ದರೆ ಅದು ಪೆಟ್ಟಿಗೆ ಎಂದು ಗೊತ್ತಾಗುತ್ತಿತ್ತು. ಪೆಟ್ಟಿಗೆ ಎಂದು ಗೊತ್ತಾಗಿದ್ದರೆ ಮುಂದಿರುವುದು ಗಾಜು, ಅದನ್ನು ಬೇಕೆಂದೇ ಒಡೆದಿದ್ದಾರೆ ಎಂಬುದು ಹೊಳೆಯುತ್ತಿತ್ತು. ಆಗ ಇಸವಿಯ ಕಡೆ ಕಣ್ಣು ಹೋಗಿ, ಯುದ್ಧ ನಡೆಯುತ್ತಿದ್ದ ವರ್ಷವಲ್ಲವೆ ಅನ್ನಿಸುತ್ತಿತ್ತು.

ಒಂದು ವಿಷಯ ಸೇರಿಸುತ್ತೇನೆ, ಲೇಖನದಲ್ಲಿ ಅದು ಬಂದಿಲ್ಲ. ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ಸತ್ತ ಪ್ರಾಣಿ ಪಕ್ಷಿಗಳ ಚರ್ಮ ತುಂಬಿಸಿ, ಹಿಂದೆ ಕಾಡಿನ ಚಿತ್ರ ಬರೆದು, ಗಾಜಿನ ಹಿಂದೆ ಜೀವಂತ ಇದ್ದಂತೆ ನಿಲ್ಲಿಸುತ್ತಾರೆ. ಈ ಕೃತಿಯ ಹೆಸರಿನ ಮೊದಲ ಎರಡು ಪದ, ‘ಹ್ಯಾಬಿಟಾಟ್ ಗ್ರೂಪ್’, ಅಂಥ ಪ್ರದರ್ಶನಕ್ಕೆ ಮ್ಯೂಸಿಯಂನವರು ಹೇಳುತ್ತಿದ್ದದ್ದು. ಕಾರ್ನೆಲ್ ಆ ಊರಿನಲ್ಲೇ ಇದ್ದು ಅವನ್ನೆಲ್ಲ ನೋಡಿದವರು. ಅವರು ಮಾಡಿದ್ದೇನೆಂದರೆ, ಮ್ಯೂಸಿಯಂನ ಶೋಕೇಸನ್ನು ತಂದು ಗುರಿಯಿಟ್ಟು ಹೊಡೆಯುವ ಅಂಗಡಿಯ ಮುಂದೆ ನಿಲ್ಲಿಸಿದ್ದು. ಶೋಕೇಸಿನ ಮರವನ್ನೇ ನೀವು ತೆಗೆದುಬಿಟ್ಟರೆ ಏನನ್ನು ಒಡೆದರು ಅಂತ ಓದುಗರಿಗೆ ತಿಳಿಯುವುದು ಹೇಗೆ? ಇನ್ನು ಮುಂದೆ ಇಂಥ ಕೃತಿಯ ಚಿತ್ರ ಹಾಕುವಾಗ ದಯವಿಟ್ಟು ಪೂರ್ತಿ ಹಾಕಿ. ಕೆಳಗೆ ಉದ್ದ, ಅಗಲದ ಜೊತೆ ಆಳವನ್ನೂ ಬರೆಯಿರಿ.

ನಿಮ್ಮ ಲೇಖಕರು ಕೊಲಾಜ್ ಎಂದರೆ ಕತ್ತರಿಸಿ ಅಂಟಿಸುವ ಕಲೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಕಾರ್ನೆಲ್ ಶುರು ಮಾಡಿದ್ದು ಅಲ್ಲಿಂದಲೇ, ಸರಿ. 1931ರಲ್ಲಿ ನ್ಯೂಯಾರ್ಕಿನ ಜೂಲಿಯನ್ ಲೆವಿ ಗ್ಯಾಲರಿಯಲ್ಲಿ ಜರ್ಮನಿಯ ಕಲಾವಿದ ಮ್ಯಾಕ್ಸ್ ಅರ್ನ್‌ಸ್ಟ್ ಅವರ ಕೊಲಾಜ್‌ಗಳನ್ನು ಕಂಡರು. ಹತ್ತೊಂಬತ್ತನೇ ಶತಮಾನದ ಪುಸ್ತಕಗಳ ಕಪ್ಪು ಬಿಳುಪಿನ ಕೆತ್ತನೆಚಿತ್ರಗಳನ್ನು ಕತ್ತರಿಸಿ, ಕೂಡಿಸಿದ ಜಾಗ ಕಾಣದ ಹಾಗೆ ಕೂಡಿಸಿದಂಥವು. ಕಾರ್ನೆಲ್ ಮನೆಗೆ ಹೋಗಿ ತಾವೂ ಮಾಡಿದರು, ತಂದು ಲೆವಿಗೆ ತೋರಿಸಿದರು. 1932ರ ಜನವರಿಯಲ್ಲಿ ಅದೇ ಗ್ಯಾಲರಿಯಲ್ಲಿ ನಡೆದ, ಕನಸಿನಂಥ ವಿಚಿತ್ರ ಜೋಡಣೆಗಳ ಸರ್ರಿಯಲಿಸ್ಟ್ ಪಂಥದವರ ಪ್ರದರ್ಶನದಲ್ಲಿ ಅವರ ಕೆಲಸವೂ ಇತ್ತು. ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕುಂಚ ಹಿಡಿದು ಪಳಗಿದವರೂ ಅಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಕಾಗದ ಹಿಂಬದಿಗೆ ಸರಿದು ಅದರ ಮುಂದೆ ಸಾಮಾನುಗಳು ಬಂದು ನಿಂತವು. 1936ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ತೋರಿಸಿದ ‘ಸೋಪ್ ಬಬಲ್ ಸೆಟ್’ನಲ್ಲಿ ಚಂದ್ರನ ನಕ್ಷೆ ಇದೆ, ಗುಳ್ಳೆ ಊದುವ ಜೇಡಿಮಣ್ಣಿನ ಕೊಳವೆ ಇದೆ, ಪುಟ್ಟ ಗಾಜಿನ ಬಟ್ಟಲಲ್ಲಿ ಮೊಟ್ಟೆ ಇದೆ, ಗೊಂಬೆಯ ತಲೆ ಇದೆ. ಅಂಟಿಸುವ ಕೆಲಸ ಹಾಳೆ ಬಿಟ್ಟು ಆಳಕ್ಕೆ ಇಳಿಯಿತು. ಹಾಳೆಯ ಮೇಲಿನ ಕೊಲಾಜ್‌ಗೆ ಕಟ್ಟು ಕೊನೆಗೆ ಬರುತ್ತದೆ, ಹಾಕುವವನು ನನ್ನಂಥವನು, ಅವನ ಹೆಸರು ಯಾರಿಗೂ ಬೇಕಾಗಿಲ್ಲ. ಇಲ್ಲಿ ಹಾಗಲ್ಲ. ಗೂಡು ಎಷ್ಟು, ಗೋಡೆ ಎಲ್ಲಿ, ಗಾಜು ಎಷ್ಟು ಮುಂದೆ ಎಂಬುದನ್ನು ಕಲಾವಿದನೇ ತೀರ್ಮಾನಿಸುತ್ತಾನೆ. ಗಿಳಿಗೂ ಗಾಜಿಗೂ ನಡುವಿನ ಖಾಲಿ ಜಾಗವೂ ಅಂಟಿಸಿದ್ದರ ಲೆಕ್ಕಕ್ಕೇ ಸೇರುತ್ತದೆ.

ಸಿನಿಮಾವನ್ನೂ ಅವರು ಬಿಡಲಿಲ್ಲ. 1936ರಲ್ಲಿ, ಯಾರಿಗೂ ಬೇಡವಾಗಿದ್ದ ಹಾಲಿವುಡ್ ಚಿತ್ರವೊಂದರ ರೀಲುಗಳನ್ನು ಕತ್ತರಿಸಿ, ನಾಯಕಿ ರೋಸ್ ಹೋಬಾರ್ಟ್ ಇರುವ ತುಂಡುಗಳನ್ನೇ ಹೆಚ್ಚಾಗಿ ಜೋಡಿಸಿ, ಇಪ್ಪತ್ತು ನಿಮಿಷದೊಳಗಿನ ಚಿತ್ರ ಮಾಡಿದರು. ಮಾತು ತೆಗೆದು ಬ್ರೆಜಿಲ್ ಸಂಗೀತದ ತಟ್ಟೆ ಹಾಕಿದರು, ಪ್ರೊಜೆಕ್ಟರಿನ ಮುಂದೆ ನೀಲಿ ಗಾಜು ಹಿಡಿದರು. ಮೊದಲ ಪ್ರದರ್ಶನದಲ್ಲೇ ಅದೇ ಸರ್ರಿಯಲಿಸ್ಟ್ ಪಂಥದ ಚಿತ್ರಕಾರ ಸಾಲ್ವಡಾರ್ ಡಾಲಿ, ಈ ಆಲೋಚನೆ ನನ್ನ ತಲೆಯಲ್ಲಿತ್ತು, ಕದ್ದಿದ್ದಾರೆ ಎಂದು ರೇಗಿ ಪ್ರೊಜೆಕ್ಟರನ್ನೇ ಉರುಳಿಸಿದರಂತೆ. ಡಾಲಿ ಕತೆ ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸಿದ್ದು ಆ ನೀಲಿ ಗಾಜು. ಓಡುವ ಚಿತ್ರದ ಮುಂದೆಯೂ ಒಂದು ಗಾಜು ಬೇಕು ಅನ್ನಿಸಿತಲ್ಲ ಈ ಮನುಷ್ಯನಿಗೆ!

ಇನ್ನು ತಲೆಬರಹಕ್ಕೆ ಬರುತ್ತೇನೆ: ‘ಗುಜರಿ ಆಯ್ದ ಒಂಟಿ ಜೀವ’. ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ಕಾರ್ನೆಲ್ 1903ರಲ್ಲಿ ಹುಟ್ಟಿದವರು, 1917ರಲ್ಲಿ ತಂದೆ ಹೋದರು. ಹತ್ತು ವರ್ಷ, 1921ರಿಂದ 1931ರವರೆಗೆ, ಬಟ್ಟೆ ಸಗಟು ಕಂಪನಿಯ ಸೇಲ್ಸ್‌ಮನ್ ಆಗಿ ಮ್ಯಾನ್‌ಹಟನ್ನಿನ ಬೀದಿ ಸುತ್ತಿ ಮನೆ ನಡೆಸಿದರು. ತಾಯಿ, ಸೆರೆಬ್ರಲ್ ಪಾಲ್ಸಿಯಿಂದ ಓಡಾಡಲಾರದ ತಮ್ಮ ರಾಬರ್ಟ್, ಇವರು ಮೂವರು 1929ರಿಂದ ನ್ಯೂಯಾರ್ಕಿನ ಕ್ವೀನ್ಸ್‌ನ ಯುಟೋಪಿಯಾ ಪಾರ್ಕ್‌ವೇ ಎಂಬ ರಸ್ತೆಯ ಸಾಮಾನ್ಯ ಮನೆಯೊಂದರಲ್ಲಿ ಇದ್ದರು. ಹಗಲು ದುಡಿತ, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆ ಮೇಜಿನ ಮೇಲೆ ಈ ಕೆಲಸ, ಆಮೇಲೆ ನೆಲಮಾಳಿಗೆಯಲ್ಲಿ. ತಮ್ಮನನ್ನು 1965ರಲ್ಲಿ ಕಳೆದುಕೊಳ್ಳುವವರೆಗೂ ನೋಡಿಕೊಂಡರು. ಅವನು ಬರೆದ ಚಿತ್ರಗಳನ್ನು ತಮ್ಮ ಕೊಲಾಜ್‌ಗಳಲ್ಲಿ ಸೇರಿಸಿ ಮರುವರ್ಷ ಅವನ ನೆನಪಿಗೆಂದೇ ಪ್ರದರ್ಶನ ಇಟ್ಟರು. ಫ್ರಾನ್ಸಿನ ಕಲಾವಿದ ಮಾರ್ಸೆಲ್ ದುಶಾಂ ತಮ್ಮ ಕೃತಿಗಳ ಪುಟಾಣಿ ನಕಲುಗಳನ್ನು ತುಂಬಿದ ಸೂಟ್‌ಕೇಸ್ ಮ್ಯೂಸಿಯಂ ತಯಾರಿಸುತ್ತಿದ್ದಾಗ ಜೋಡಿಸಿಕೊಡಲು ಕರೆದದ್ದು ಇವರನ್ನೇ. ಮದುವೆಯಾಗಲಿಲ್ಲ, ಯುರೋಪಿಗೆ ಒಮ್ಮೆಯೂ ಹೋಗಲಿಲ್ಲ ಅಂದಮಾತ್ರಕ್ಕೆ ಒಂಟಿ ಅಂದುಬಿಡುವುದೆ? ಮನೆತುಂಬ ಜವಾಬ್ದಾರಿ ಇದ್ದ ಹಿರಿಮಗ ಅಂದರೆ ನಮ್ಮ ಓದುಗರಿಗೆ ಬೇಗ ಅರ್ಥವಾಗುತ್ತದೆ.

ಗುಜರಿ ಎಂಬುದಂತೂ ಅನ್ಯಾಯ. ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ. ಕಾರ್ನೆಲ್ ಒಂದೊಂದಾಗಿ ಆರಿಸಿ ಕೊಳ್ಳುತ್ತಿದ್ದರು. ನ್ಯೂಯಾರ್ಕಿನ ಫೋರ್ತ್ ಅವೆನ್ಯೂದಲ್ಲಿ ಆಗ ಸಾಲುಸಾಲಾಗಿ ಹಳೇ ಪುಸ್ತಕದ ಅಂಗಡಿಗಳಿದ್ದವು. ಅಲ್ಲಿ ಹಳೆಯ ಮುದ್ರಣಗಳು, ಪ್ರವಾಸಿ ಕೈಪಿಡಿಗಳು, ಬ್ಯಾಲೆ ನರ್ತಕಿಯರ ಚಿತ್ರಗಳು. ಗಾಜಿನ ಲೋಟ, ಮರದ ಚೆಂಡು, ಉಂಗುರಗಳಂಥವು ವುಲ್‌ವರ್ತ್ ಎಂಬ ಅಗ್ಗದ ಅಂಗಡಿಯಿಂದ. ತಂದದ್ದನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ವಿಂಗಡಿಸಿ, ಮೇಲೆ ಕೈಬರಹದಲ್ಲಿ ಗೂಬೆ, ಗಡಿಯಾರದ ಭಾಗ, ಕಪ್ಪೆಚಿಪ್ಪು ಎಂದು ಚೀಟಿ ಅಂಟಿಸುತ್ತಿದ್ದರು. ಆ ನೆಲಮಾಳಿಗೆಯ ಫೋಟೊಗಳು ಪುಸ್ತಕಗಳಲ್ಲಿವೆ, ನಮ್ಮ ಅಂಗಡಿ ಕೆಲಸದ ಹುಡುಗರಿಗೆ ತೋರಿಸುತ್ತಿರುತ್ತೇನೆ. ಒಬ್ಬ ನಟಿಯ ಬಗ್ಗೆ, ಒಬ್ಬ ನರ್ತಕಿಯ ಬಗ್ಗೆ ಸಿಕ್ಕ ಚೂರುಪಾರುಗಳಿಗೆಲ್ಲ ಬೇರೆ ಬೇರೆ ಕಡತ ಇಟ್ಟು ವರ್ಷಗಟ್ಟಲೆ ತುಂಬುತ್ತಾ ಹೋಗುತ್ತಿದ್ದರು. ಅವರು ಹೋದ ಮೇಲೆ ಸಹೋದರಿ ಎಲಿಜಬೆತ್ ಆ ರಾಶಿಯನ್ನೇ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂಗೆ ಕೊಟ್ಟರು. ಅದಕ್ಕಾಗಿ ಅಲ್ಲಿ ಕಾರ್ನೆಲ್ ಅಧ್ಯಯನ ಕೇಂದ್ರವೇ ಆಯಿತು. ಅಂದರೆ ಪೆಟ್ಟಿಗೆ ಸೇರದೆ ಉಳಿದ ಸಾಮಾನೂ ಮ್ಯೂಸಿಯಂ ಸೇರಿತು.

ಇದನ್ನೆಲ್ಲ ಲೇಖಕರು ನಮ್ಮ ದಸರಾ ಗೊಂಬೆ ಕೂರಿಸುವುದಕ್ಕೆ ಹೋಲಿಸಿದ್ದಾರೆ. ಓದಲು ಚೆನ್ನಾಗಿದೆ, ಒಪ್ಪಲು ಕಷ್ಟ. ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆ ಎಲ್ಲಿ, ಶೆಟ್ಟಿ ಶೆಟ್ಟಮ್ಮ ಎಲ್ಲಿ ಎಂಬುದು ಅಜ್ಜಿಯ ಕಾಲಕ್ಕೇ ನಿಕ್ಕಿಯಾಗಿರುತ್ತದೆ, ಹಬ್ಬ ಮುಗಿದರೆ ಎಲ್ಲ ಹಳೇ ಸೀರೆ ಸುತ್ತಿಕೊಂಡು ಟ್ರಂಕಿಗೆ. ಕಾರ್ನೆಲ್‌ಗೆ ಯಾವ ಸಾಮಾನಿನ ಜಾಗವೂ ಮೊದಲೇ ಗೊತ್ತಿರಲಿಲ್ಲ. ಎಷ್ಟೋ ಪೆಟ್ಟಿಗೆಗಳಿಗೆ ಒಂದು ಇಸವಿಯ ಬದಲು ಇಷ್ಟರಿಂದ ಇಷ್ಟರವರೆಗೆ ಎಂದು ಬರೆದಿರುವುದು ಅದಕ್ಕೇ.

ಕಸುಬಿನವನಾಗಿ ನನಗೆ ಮೆಚ್ಚುಗೆಯಾದ ಒಂದು ಗುಣ ಹೇಳಿಬಿಡುತ್ತೇನೆ. 1942ರ ‘ಮೆಡಿಚಿ ಸ್ಲಾಟ್ ಮಷೀನ್’ ಪೆಟ್ಟಿಗೆಯ ನಡುವೆ ಒಬ್ಬ ಹುಡುಗ ನಿಂತಿದ್ದಾನೆ. ಇಟಲಿಯ ಚಿತ್ರಕಾರ್ತಿ ಸೊಫೊನಿಸ್ಬಾ ಆಂಗ್ವಿಸ್ಸೋಲಾ ಹದಿನಾರನೇ ಶತಮಾನದಲ್ಲಿ ಬರೆದ ಭಾವಚಿತ್ರ ಅದು. ಕಾರ್ನೆಲ್ ಇಂಥ ಚಿತ್ರ ಸಿಕ್ಕಾಗ ಫೋಟೊಸ್ಟಾಟ್ ಮಾಡಿಸಿಕೊಳ್ಳುತ್ತಿದ್ದರು, ದೊಡ್ಡದು ಚಿಕ್ಕದು ಎಲ್ಲ ಅಳತೆಯಲ್ಲೂ. ಕತ್ತರಿ ಆಡಿದ್ದು ನಕಲಿನ ಮೇಲೆ. ಅದರಿಂದಲೇ ಒಂದೇ ಮುಖವನ್ನು ಒಂದೇ ಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ತರಲು, ಒಂದೇ ಬಗೆಯ ಪೆಟ್ಟಿಗೆಯನ್ನು ಸರಣಿಯಾಗಿ ಮಾಡಲು ಸಾಧ್ಯವಾಯಿತು. ನಮ್ಮಲ್ಲಿ ಅಜ್ಜನ ಇರುವ ಒಂದೇ ಫೋಟೊ ತಂದು, ಇದನ್ನೇ ರಟ್ಟಿಗೆ ಅಂಟಿಸಿ ಕಟ್ಟು ಹಾಕಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲು ಸ್ಕ್ಯಾನ್ ಮಾಡಿಸಿ, ನಕಲಿಗೆ ಕಟ್ಟು ಹಾಕುತ್ತೇನೆ, ಅಸಲನ್ನು ಲಕೋಟೆಯಲ್ಲಿ ವಾಪಸು ಕೊಡುತ್ತೇನೆ. ಗಿರಾಕಿಗಳಿಗೆ ಸಿಟ್ಟು ಬರುತ್ತದೆ, ಬರಲಿ.

ಮರಗೆಲಸವನ್ನು ಅವರು ನೆರೆಮನೆಯವರೊಬ್ಬರಿಂದ ಕಲಿತರು. ಮೂಲೆ ಜೋಡಣೆ ನಿಧಾನಕ್ಕೆ ಪಳಗಿದ ಕೈಯದು. ಹೊಸ ಮರಕ್ಕೆ ಹಳತಿನ ಬಣ್ಣ ಬರಲಿ ಎಂದು ಪದರದ ಮೇಲೆ ಪದರ ಬಣ್ಣ ಬಳಿದು, ಅಡುಗೆಮನೆಯ ಓವನ್ನಿನಲ್ಲಿಟ್ಟು ಬೇಯಿಸುತ್ತಿದ್ದರು, ಬಣ್ಣ ಬಿರುಕು ಬಿಡಲೆಂದು. ತಾಯಿ ಏನನ್ನುತ್ತಿದ್ದರೋ! ಒಳಗೋಡೆಗೆ ಹಳೇ ಪುಸ್ತಕದ ಹಾಳೆಗಳನ್ನು ಹಚ್ಚುತ್ತಿದ್ದರು. ಈಗ ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಯವರು ನನ್ನ ಬಳಿ ಬಂದು ನಿನ್ನೆ ಮಾಡಿದ ಕಟ್ಟನ್ನು ನೂರು ವರ್ಷದ್ದು ಕಾಣುವ ಹಾಗೆ ಮಾಡಿಕೊಡಿ ಅನ್ನುತ್ತಾರೆ. ಉಪ್ಪುಕಾಗದ ಹಾಕಿ ಉಜ್ಜಿ ಕೊಡುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಕಾರ್ನೆಲ್ ಮಾಡಿದ್ದು ಗೋಡೆ ಅಲಂಕಾರಕ್ಕಲ್ಲ. ಅವರು ಎಂದೂ ಕಾಣದ ಯುರೋಪಿನ ಹೋಟೆಲುಗಳ ಜಾಹೀರಾತು ಚೀಟಿಗಳು ಆ ಗೋಡೆಗಳ ಮೇಲಿವೆ. ಸುಣ್ಣ ಕಿತ್ತುಬಂದ ಗೋಡೆ ಇಲ್ಲದಿದ್ದರೆ ಆ ಹೋಟೆಲಿನಲ್ಲಿ ಯಾರೋ ಇದ್ದು ಹೋಗಿದ್ದಾರೆ ಎಂದು ಅನ್ನಿಸುವುದಿಲ್ಲ.

ನಾನು ಕಣ್ಣಾರೆ ನೋಡಿದ್ದು ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿರುವ ಪೆಟ್ಟಿಗೆಗಳನ್ನು. ಮಗಳ ಬಾಣಂತನಕ್ಕೆಂದು ನಮ್ಮ ಮನೆಯವರು ಹೋದಾಗ ನಾನೂ ಜೊತೆಗಿದ್ದೆ, ಅಳಿಯಂದಿರು ಒಂದು ದಿನ ಕರೆದುಕೊಂಡು ಹೋದರು. ಬರ್ಗ್‌ಮನ್ ದಂಪತಿ ಸಂಗ್ರಹಿಸಿ ಕೊಟ್ಟ ಕಾರ್ನೆಲ್ ಕೃತಿಗಳು ಅಲ್ಲಿ ಬಹಳ ಇವೆ. ಒಂದರ ಹೆಸರು ‘ಫರ್ಗಾಟನ್ ಗೇಮ್’, 1949ರ ಸುಮಾರಿನದು. ಹಲಗೆಯಲ್ಲಿ ಸಾಲಾಗಿ ದುಂಡು ತೂತುಗಳು, ಒಳಗಿನಿಂದ ಹಕ್ಕಿಗಳು ಇಣುಕುತ್ತವೆ. ಮೇಲೆ ಚೆಂಡು ಹಾಕಿದರೆ ಅದು ಕಾಣದಂತೆ ಒಳಗಿನ ಇಳಿಜಾರುಗಳಲ್ಲಿ ಉರುಳಿ, ದಾರಿಯಲ್ಲಿ ಗಂಟೆಗಳನ್ನು ಬಾರಿಸುತ್ತಾ, ಕೆಳಗಿನ ಪುಟ್ಟ ಬಾಗಿಲಿಗೆ ಬರಬೇಕು. ಅದನ್ನು ಅಳಿಯಂದಿರು ಓದಿ ಹೇಳಿದರು. ಪೆಟ್ಟಿಗೆ ಸುಮ್ಮನೆ ಇತ್ತು. ನಮ್ಮ ಮನೆಯವರು, ‘ಗಂಟೆ ಯಾವಾಗ ಬಾರಿಸ್ತಾರೆ ಕೇಳಿ, ಮಂಗಳಾರತಿ ಹೊತ್ತಿಗಾ?’ ಅಂದರು. ನಗು ಬಂತು, ಆದರೆ ಕೇಳಿದ್ದು ಸರಿಯಾದ ಪ್ರಶ್ನೆಯೇ. ಗಂಟೆ ಬಾರಿಸುವುದೇ ಇಲ್ಲ.

ಮ್ಯೂಸಿಯಂನವರ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ಕಾಗದ ಬೆಳಕಿಗೆ ಬಣ್ಣ ಬಿಡುತ್ತದೆ, ಎಪ್ಪತ್ತು ಎಂಬತ್ತು ವರ್ಷದ ಅಂಟು ಯಾವಾಗ ಬಿಟ್ಟುಕೊಳ್ಳುತ್ತದೋ ಹೇಳಲಾಗದು, ಮಂದಿ ಕೈಯಾಡಿಸಿದರೆ ಒಂದು ವಾರದಲ್ಲಿ ಕತೆ ಮುಗಿಯುತ್ತದೆ. ಮರಳಿನ ಕಾರಂಜಿ ಎಂಬ ಸರಣಿಯ ಪೆಟ್ಟಿಗೆಗಳನ್ನು ತಿರುಗಿಸಿ ಹಿಡಿದಾಗಲೇ ಒಳಗಿನ ಮರಳು ಒಡೆದ ಬಟ್ಟಲಿಗೆ ಸುರಿಯುವುದು. ಅದನ್ನು ದಿನ ಸಾವಿರ ಜನ ತಿರುಗಿಸಲಿ ಅನ್ನಲು ನನಗೂ ಧೈರ್ಯವಿಲ್ಲ. ಆದರೂ ದಾರಿ ಇದೆ. ಅಸಲು ಗಾಜಿನ ಹಿಂದೆ ಇರಲಿ, ಪಕ್ಕದಲ್ಲಿ ಅದೇ ಅಳತೆಯ, ಅದೇ ತೂಕದ ನಕಲೊಂದು ಇಡಲಿ, ಚೆಂಡು ಹಾಕಬಹುದಾದದ್ದು. ಒಳ್ಳೆ ಬಡಗಿಯೊಬ್ಬನಿಗೆ ಒಂದು ತಿಂಗಳ ಕೆಲಸ. ನಕಲು ಎಂದರೆ ಕಾರ್ನೆಲ್‌ಗೆ ಅವಮಾನ ಅನ್ನುವವರು ಅವರ ಫೋಟೊಸ್ಟಾಟ್‌ಗಳನ್ನೂ ದುಶಾಂ ಸೂಟ್‌ಕೇಸನ್ನೂ ನೆನೆಯಲಿ. ಪರದೆಯ ಮೇಲೆ ವಿಡಿಯೊ ತೋರಿಸಿದರೆ ಸಾಲದೆ ಎಂದು ಅಳಿಯಂದಿರು ಕೇಳಿದರು. ಸಾಲದು. ಚೆಂಡು ಒಳಗೆ ಎಲ್ಲಿದೆ ಎಂದು ಕಿವಿಯಿಂದ ಹುಡುಕುವುದು ವಿಡಿಯೊದಲ್ಲಿ ಆಗುವುದಿಲ್ಲ.

ಕಾರ್ನೆಲ್ ಏನು ಬಯಸಿದ್ದರು ಎಂಬುದಕ್ಕೆ ಸಾಕ್ಷಿ ಇದೆ. ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ 1967ರಲ್ಲಿ ಅವರ ದೊಡ್ಡ ಪ್ರದರ್ಶನವಾಯಿತು, 1970ರಲ್ಲಿ ಮೆಟ್ರೊಪಾಲಿಟನ್‌ನಲ್ಲಿ ಕೊಲಾಜ್‌ಗಳದ್ದು. ಅದಾದ ಮೇಲೆ, 1972ರಲ್ಲಿ, ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಾಲೇಜಿನಲ್ಲಿ ಮಕ್ಕಳಿಗಾಗಿಯೇ ಒಂದು ಪ್ರದರ್ಶನ ಏರ್ಪಟ್ಟಿತು. ಪೆಟ್ಟಿಗೆಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ನೇತುಹಾಕಿದ್ದರು, ದೊಡ್ಡವರು ಬಗ್ಗಿ ನೋಡಬೇಕಿತ್ತು. ಉದ್ಘಾಟನೆಗೆ ವೈನ್ ಬದಲು ಕೇಕು ಮತ್ತು ಚೆರ್ರಿ ಕೋಲಾ ಹಂಚಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಈ ಪತ್ರ ಇಷ್ಟು ಉದ್ದ ಬೆಳೆಯಲು ಕಾರಣ, ಲೇಖನದ ಕೊನೆಯಲ್ಲಿದ್ದ ಪ್ರಕಟಣೆ. ಶಾಲಾ ಮಕ್ಕಳಿಗೆ ಕೊಲಾಜ್ ಕಾರ್ಯಾಗಾರ ನಡೆಸುತ್ತೀರಿ, ಡ್ರಾಯಿಂಗ್ ಹಾಳೆ ಮತ್ತು ಗೋಂದು ಕೊಡುತ್ತೀರಿ, ಆಯ್ದವನ್ನು ಸಭಾಂಗಣದ ಗೋಡೆಗೆ ಹಾಕುತ್ತೀರಿ ಎಂದಿದೆ. ಹಾಳೆಯ ಜೊತೆ ಪೆಟ್ಟಿಗೆಯನ್ನೂ ಕೊಡಿ ಎಂದು ನನ್ನ ವಿನಂತಿ. ಕಟ್ಟಿಗೆ ಬಳಸುವ ಪಟ್ಟಿ, ಅಂದರೆ ಬೀಡಿಂಗ್, ಕತ್ತರಿಸಿ ಉಳಿದ ತುಂಡುಗಳು ನಮ್ಮಲ್ಲಿ ಮೂಟೆಗಟ್ಟಲೆ ಇವೆ, ಹಿಂಬದಿಗೆ ಹಾಕುವ ರಟ್ಟು, ತೆಳು ಪ್ಲೈವುಡ್ಡಿನ ಚೂರುಗಳೂ ಇವೆ. ಮಗುವಿಗೆ ಒಂದರಂತೆ, ಅಂಗೈ ಆಳದ ಪೆಟ್ಟಿಗೆ ನಾವೇ ಹೊಡೆದು ಕೊಡುತ್ತೇವೆ, ದುಡ್ಡು ಬೇಡ. ಗಾಜು ಮಾತ್ರ ಕೊಡುವುದಿಲ್ಲ, ಅದರ ಬದಲು ಅಕ್ರಿಲಿಕ್ ಹಾಳೆ ಕೊಡುತ್ತೇನೆ. ಪ್ರದರ್ಶನದ ದಿನ ಅವನ್ನು ಮೂರಡಿ ಎತ್ತರಕ್ಕೆ ಹಾಕಿ, ‘ಮುಟ್ಟಬೇಡಿ’ ಬೋರ್ಡು ಬೇಡ. ನಿಮ್ಮವರು ಯಾರಾದರೂ ಮೊದಲೇ ಬಂದು ಎಷ್ಟು ಮಕ್ಕಳು, ಯಾವ ಅಳತೆ ಎಂದು ಹೇಳಿ ಹೋಗಲಿ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಅಂಗಡಿ ತೆರೆದಿರುತ್ತದೆ, ಮಂಗಳವಾರ ರಜೆ.

ಇಂತಿ ನಿಮ್ಮ ಓದುಗ,
ಕಟ್ಟು ಹಾಕುವ ಅಂಗಡಿಯವನು,
ಶಿವರಾಂಪೇಟೆ, ಮೈಸೂರು